ಅದರ ಪ್ರೀತಿಗೆ ಒಂದು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ನಮ್ಮ ಮುದಿ ಟ್ರ್ಯಾಕ್ಟರಿನ ಡೀಸೆಲ್ ಪೈಪಿಗೆ ಗಾಳಿ ಹೊಕ್ಕರೆ, ಅದನ್ನು ತೆಗೆಯಲು ಇಬ್ಬರು ಬೇಕು. ಈ ಕಡೆ ಒಬ್ಬರು ಸ್ಕ್ರೂ ಸಡಿಲಿಸಬೇಕು, ಎಂಜಿನ್ನಿನ ಆ ಕಡೆ ಇನ್ನೊಬ್ಬರು ಕೈಪಂಪ್ ಹೊಡೆಯಬೇಕು. ಸ್ಕ್ರೂ ನನ್ನದು, ಪಂಪ್ ಅಪ್ಪನದು. ನಾನು "ಸಾಕಪ್ಪಾ" ಅಂದಮೇಲೂ ಅಪ್ಪ ಇನ್ನೊಂದು ಸಲ ಹೊಡೆದು, "ಇದು ಅದರ ಪ್ರೀತಿಗೆ" ಅನ್ನುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಗಾಡಿ ಮೊದಲ ಸಲ ಹಟ ಹಿಡಿದದ್ದು ಒಂದು ಮಟಮಟ ಮಧ್ಯಾಹ್ನ. ತಗಡಿನ ಶೆಡ್ಡು ಕಾದ ಹೆಂಚಾಗಿತ್ತು. ಕೈಯಲ್ಲಿದ್ದ ಸ್ಪ್ಯಾನರ್ ಮಾತ್ರ ಯಾಕೋ ಕೊರೆಯುವಷ್ಟು ತಣ್ಣಗಿತ್ತು. ಸ್ಕ್ರೂ ಸಡಿಲಿಸಿದೆ. ಹಾಳು ಅಭ್ಯಾಸ, "ಹೊಡಿಯಪ್ಪಾ" ಅಂದುಬಿಟ್ಟೆ.

ಆ ಕಡೆಯಿಂದ ಟಕ್ ಟಕ್ ಎಂದು ಪಂಪಿನ ಸದ್ದು ಶುರುವಾಯಿತು. ಅಮ್ಮ ಬಂದಿರಬೇಕು ಅಂದುಕೊಂಡೆ. ಮೊದಲು ಗುಳ್ಳೆ ಗುಳ್ಳೆಯಾಗಿ ಗಾಳಿ ಬಂತು, ಆಮೇಲೆ ತಿಳಿ ಡೀಸೆಲ್. ಸ್ಕ್ರೂ ಬಿಗಿದು "ಸಾಕು" ಅಂದೆ. ಸದ್ದು ನಿಂತಿತು. ಸ್ವಲ್ಪ ತಡೆದು, ಇನ್ನೊಂದು ಟಕ್.

ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಎಂಜಿನ್ ಗುಡುಗುಡು ಎಂದಿತು.

ಅಮ್ಮ ಅಡುಗೆಮನೆಯ ಕಿಟಕಿಯಿಂದ ಕೂಗಿದಳು. "ಒಬ್ಬಳೇ ಮಾಡಿ ಮುಗಿಸಿದ್ಯೇನೇ, ಜಾಣೆ! ಕೊನೇಲಿ ಒಂದು ಹೆಚ್ಚಿಗೆ ಹೊಡೆದೆ ನೋಡು, ಥೇಟ್ ನಿಮ್ಮಪ್ಪ!"

ನಾನು ಕೆಳಗೆ ನೋಡಿದೆ. ಪಂಪಿನ ಹಿಡಿಯನ್ನು ತೊಳೆಯಲೆಂದು ಬೆಳಿಗ್ಗೆಯೇ ಬಿಚ್ಚಿದ್ದೆ, ತಿರುಗಿ ಜೋಡಿಸುವುದನ್ನು ಮರೆತಿದ್ದೆ. ಅದಿನ್ನೂ ನನ್ನ ಕಾಲಬಳಿಯ ಡಬ್ಬಿಯಲ್ಲಿ, ಸೀಮೆಎಣ್ಣೆಯೊಳಗೆ ಮುಳುಗಿತ್ತು.