ಬಾಯಿಕಟ್ಟಿನ ಮೊಳೆ

"ಬೇರೆ ಎಲ್ಲಿ ಬೇಕಾದ್ರೂ ಹೋಗಿ ಫೋಟೋ ತಕ್ಕೊಳಪ್ಪ, ಆ ಸಾಬೂನು ಕಾರ್ಖಾನೆ ಒಳಗೆ ಮಾತ್ರ ಕಾಲಿಡಬೇಡ" ಎಂದು ಬಾಡಿಗೆ ಮನೆಯ ಓನರಮ್ಮ ಅಂದಾಗ ಅವನು ಸ್ಕೂಟರಿಗೆ ಕಿಕ್ ಹೊಡೆಯುತ್ತಲೇ ನಕ್ಕುಬಿಟ್ಟ.

"ಯಾಕಮ್ಮಾ, ಒಳಗೆ ದೆವ್ವ ಸ್ನಾನ ಮಾಡ್ತಿರುತ್ತಾ?"

ಓನರಮ್ಮ ನಗಲಿಲ್ಲ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಿದ್ದ ಗಂಡನತ್ತ ಒಮ್ಮೆ ತಿರುಗಿ ದನಿ ತಗ್ಗಿಸಿದರು. "ಅಲ್ಲಿ ಬಾಯಿಕಟ್ಟು ಮಾಡಿಸಿದಾರೆ. ಕುದಿಯೋ ತೊಟ್ಟಿಗೆ ಒಬ್ಬ ಆಳು ಬಿದ್ದು ಸತ್ತ. ನೋಡಿದೋರು ಕೋರ್ಟಲ್ಲಿ ಬಾಯಿ ಬಿಡಬಾರದು ಅಂತ ಮಾಲೀಕ ಮಾಟಗಾರನನ್ನ ಕರೆಸಿ ಮೊಳೆ ಹೊಡೆಸಿದ. ಸಾಕ್ಷಿ ಹೇಳೋ ದಿನ ನಮ್ಮ ಯಜಮಾನ್ರು ಬಾಯಿ ತೆರೆದ್ರು. ದನಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ."

"ಲಕ್ವ ಹೊಡೆದಿರಬೇಕು ಬಿಡಿ ಅಮ್ಮಾ. ಮೊಳೆ ಸಿಕ್ರೆ ಕಿತ್ಕೊಂಡೇ ಬರ್ತೀನಿ, ಯಜಮಾನ್ರ ಹತ್ರ ಮಾತಾಡಿಸೋಣ."

ಮುದುಕರ ಕಣ್ಣು ಅವನ ಮೇಲೆ ನೆಟ್ಟಿತು. ತುಟಿ ಅದುರಿತು. ಅವನು ಗೇಟು ದಾಟಿದ್ದ.

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಹಿಡಿದು ಅವನು ಹೆಂಡತಿಯೊಂದಿಗೆ ಆ ಊರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ರಜೆ ಬಂತೆಂದರೆ ಕೊರಳಿಗೆ ಕ್ಯಾಮೆರಾ. ಬೀಗ ಬಿದ್ದ ಟಾಕೀಸು, ಸೂರು ಕುಸಿದ ಗೋದಾಮು, ಅಲ್ಲಿ ಬಿಡಾರ ಹೂಡಿದ ಬೆಕ್ಕು, ಗೂಬೆ, ಮುಂಗುಸಿ, ಏನು ಸಿಕ್ಕರೂ ಸರಿ. "ಮನುಷ್ಯರ ಮುಖಕ್ಕೂ ಒಂದಿಷ್ಟು ಆ ಕ್ಯಾಮೆರಾ ತಿರುಗಿಸಿ ಸ್ವಾಮೀ" ಎಂದು ಹೆಂಡತಿ ಕಾಲೆಳೆಯುತ್ತಿದ್ದಳು. ಅವಳೋ ಮಾತಿನ ಮಲ್ಲಿ. ನಿದ್ದೆಯಲ್ಲೂ ಯಾರೊಂದಿಗೋ ತರಕಾರಿ ಚೌಕಾಸಿ ಮಾಡುತ್ತಿದ್ದಳು. ಅವನು ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದ.

ಕಾರ್ಖಾನೆಯ ಗೇಟು ತುಕ್ಕು ಹಿಡಿದು ಅರ್ಧಕ್ಕೆ ನಿಂತಿತ್ತು. ಒಳಗೆ ಕಾಲಿಟ್ಟೊಡನೆ ಕಮಟು ಕೊಬ್ಬಿನ ವಾಸನೆ ಮೂಗಿಗೆ ಅಡರಿತು. ಅದರ ಹಿಂದೆಯೇ ಗಂಟಲು ಕೆರೆಯುವ ಕ್ಷಾರದ ಘಾಟು, ಬಾವಲಿ ಹಿಕ್ಕೆಯ ನಾತ. ಮೋಡ ಕವಿದ ಮಧ್ಯಾಹ್ನ. ಒಡೆದ ಹೆಂಚುಗಳಿಂದ ಬೂದು ಬೆಳಕು ಸೋರುತ್ತಿತ್ತು. ಕಿಟಕಿಯ ಮೇಲೊಂದು ಅಳಿಲು. ಕ್ಲಿಕ್. ತೊಲೆಯ ಮೇಲೆ ಜೋಡಿ ಕಾಗೆ. ಕ್ಲಿಕ್. ಮರಿಗಳನ್ನು ಸುತ್ತ ಮಲಗಿಸಿಕೊಂಡ ಬೆಕ್ಕು. ಪುಣ್ಯಕ್ಕೆ ಒಂದೂ ಓಡಲಿಲ್ಲ.

ತೆಗೆದುದನ್ನು ಪರದೆಯಲ್ಲಿ ಒಂದೊಂದಾಗಿ ಹಿಗ್ಗಿಸಿ ನೋಡಿದ. ಅಳಿಲಿನ ಬಾಯಿ ತೆರೆದಿತ್ತು. ಕಾಗೆಗಳ ಕೊಕ್ಕು ತೆರೆದಿತ್ತು. ಬೆಕ್ಕು, ಇನ್ನೂ ಕಣ್ಣು ಬಿಡದ ಮರಿಗಳು, ಎಲ್ಲವೂ ಬಾಯಿ ಕಳೆದಿದ್ದವು.

ತಲೆಯೆತ್ತಿದ. ಕಾಗೆ ಕತ್ತು ಚಾಚಿ, ಗಂಟಲು ಉಬ್ಬಿಸಿ ಕೂಗುತ್ತಿತ್ತು. ಸದ್ದಿಲ್ಲ. ಪಾರಿವಾಳವೊಂದು ಹಾರಿತು, ರೆಕ್ಕೆಯ ಪಟಪಟ ಸ್ಪಷ್ಟವಾಗಿ ಕೇಳಿಸಿತು. ಅಂದರೆ ಕಿವಿ ಸರಿಯಾಗಿಯೇ ಇತ್ತು.

ಅಲ್ಲಿಗೇ ಹಿಂದಿರುಗಬಹುದಿತ್ತು. ಆದರೆ ಹೆದರಿ ಓಡಿದೆ ಎಂದು ಓನರಮ್ಮನ ಮುಂದೆ ಒಪ್ಪಿಕೊಳ್ಳುವುದುಂಟೆ?

ಒಳಕೋಣೆಯಲ್ಲಿ ಸಾಬೂನು ಕಾಯಿಸುವ ದೊಡ್ಡ ತೊಟ್ಟಿ, ಅದರ ಮೇಲೆ ಅಡ್ಡಹಲಗೆಗಳು. ಆಚೆಯ ಕಂಬದಲ್ಲಿ, ಆಳೆತ್ತರದಲ್ಲಿ, ಕಪ್ಪಗೆ ಒಣಗಿದ ಚರ್ಮದಂಥದ್ದೇನೋ ತೂಗುತ್ತಿತ್ತು. ಹಲಗೆಯ ಮೇಲೆ ನಡೆದು ಹತ್ತಿರ ಹೋದ. ಚರ್ಮವಲ್ಲ, ನಾಲಿಗೆ. ಯಾವುದೋ ದೊಡ್ಡ ಪ್ರಾಣಿಯದು. ಸುತ್ತಲೂ ಮನುಷ್ಯರ ಕೂದಲು ಬಿಗಿದು, ನಟ್ಟನಡುವೆ ಮೊಳೆ ಹೊಡೆದಿದ್ದರು.

"ಇದೇನಾ ನಿಮ್ಮ ಬಾಯಿಕಟ್ಟು?" ಎಂದು ಜೋರಾಗಿಯೇ ಅಂದ. ಅಂದದ್ದು ಅವನಿಗೇ ಕೇಳಿಸಲಿಲ್ಲ.

ಸಿಟ್ಟೋ ಭಯವೋ, ಮೊಳೆಗೆ ಕೈ ಹಾಕಿ ಅಲುಗಾಡಿಸಿ ಎಳೆದ. ಹಸಿ ಗಾಯದಿಂದ ಬಂದಂತೆ ಅದು ಜಾರಿಕೊಂಡು ಬಂತು. ಅದೇ ಗಳಿಗೆಯಲ್ಲಿ ಕಾಲ ಕೆಳಗಿನ ಹಲಗೆ ಮುರಿಯಿತು.

ತೊಟ್ಟಿಯ ತಳದಲ್ಲಿ ಎದೆಮಟ್ಟ ಕೊಳೆತ ಕೊಬ್ಬು. ಮೊಳೆ, ನಾಲಿಗೆ ಎಲ್ಲವೂ ಅದರಲ್ಲಿ ಮುಳುಗಿದವು. ಗೋಡೆ ಹಿಡಿದ. ಜಾರಿತು. ಮತ್ತೆ ಹಿಡಿದ. ಜಾರಿತು. ಕಾಲು ಇನ್ನಷ್ಟು ಹೂತಿತು. ಕಿರುಚಿದ. ಗಂಟಲು ಹರಿಯುವಷ್ಟು ಕಿರುಚಿದ. ಬರೀ ಉಸಿರು. ಫೋನು ಸ್ಕೂಟರಿನ ಡಿಕ್ಕಿಯಲ್ಲಿತ್ತು. ಕೊಬ್ಬು ಕುತ್ತಿಗೆಗೆ ಬಂತು.

ಆಗ ಹೊರಗಿನಿಂದ, "ರೀ! ಎಲ್ಲಿದೀರಾ? ಸ್ಕೂಟರ್ ಇಲ್ಲೇ ಇದೆಯಲ್ಲ!"

ಅವಳೇ. ಓನರಮ್ಮ ಹೇಳಿರಬೇಕು, ಹುಡುಕಿಕೊಂಡು ಬಂದಿದ್ದಳು. ಇಲ್ಲಿದೀನಿ, ಇಲ್ಲಿದೀನಿ. ಬಾಯಿ ತೆರೆದೇ ತೆರೆದ. ದನಿ ಗೇಟಿನ ಬಳಿ ಸುಳಿದು ದೂರವಾಗತೊಡಗಿತು. ಹೋಗುತ್ತಿದ್ದಾಳೆ. ಕೊರಳಿನ ಕ್ಯಾಮೆರಾ ಇನ್ನೂ ಮುಳುಗಿರಲಿಲ್ಲ. ಮೇಲೆತ್ತಿದ. ಒಡೆದ ಕಿಟಕಿಯತ್ತ ಫ್ಲ್ಯಾಶ್ ಒತ್ತಿದ. ಮತ್ತೆ ಒತ್ತಿದ. ಒತ್ತುತ್ತಲೇ ಹೋದ.

ಹೆಜ್ಜೆ ಸದ್ದು. ಓಟ. ತೊಟ್ಟಿಯ ಅಂಚಿನಲ್ಲಿ ಅವಳ ಮುಖ. ಬೋರಲು ಮಲಗಿ, ದುಪಟ್ಟಾ ಇಳಿಬಿಟ್ಟಳು. ಆಗ ಅವಳ ಬಾಯಿ ಆಡಿತು. ಏನೋ ಹೇಳಿದಳು. ಕೇಳಿಸಲಿಲ್ಲ.

ಅದೇ ಕ್ಷಣ ಅವನ ಗಂಟಲು ಬಿರಿಯಿತು. ಅಷ್ಟು ಹೊತ್ತು ಒಳಗೇ ಉಳಿದಿದ್ದ ಕಿರುಚಾಟವೆಲ್ಲ ಒಟ್ಟಿಗೇ ಹೊರಬಿತ್ತು. ಸೂರಿನಲ್ಲಿ ಕಾಗೆಗಳು ಕಾವ್ ಎಂದವು, ಅಳಿಲು ಚಿಟಿಗುಟ್ಟಿತು, ಬೆಕ್ಕಿನ ಮರಿಗಳು ಎಳೆದನಿಯಲ್ಲಿ ಅತ್ತವು. ಇಡೀ ಕಾರ್ಖಾನೆ ಸಂತೆಯಾಯಿತು. ಅವನನ್ನು ಮೇಲಕ್ಕೆಳೆಯುತ್ತಿದ್ದ ಹೆಂಡತಿ ಮಾತ್ರ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, ಕೊರಳನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು.

ಮನೆ ಮುಟ್ಟಿದಾಗ ಮುದುಕರು ಕುರ್ಚಿಯಿಂದೆದ್ದು ನಿಂತಿದ್ದರು. ಓನರಮ್ಮ ಅವರ ಕೆನ್ನೆ ಹಿಡಿದು ಅಳುತ್ತಿದ್ದರು.

"ಯಾರು ಕಿತ್ತಿದ್ದು?" ಎಂದರು ಮುದುಕರು. ತುಕ್ಕು ಹಿಡಿದ ದನಿ. ಹಿಂದೆ ನಿಂತಿದ್ದ ಅವನ ಹೆಂಡತಿಯನ್ನು ನೋಡಿ ಮುಖ ಕಿವುಚಿದರು. "ಅದು ಸುಮ್ನೆ ಬಿಡಲ್ಲಪ್ಪ. ಬಿಟ್ಟ ದನಿಗೆ ಬದಲು ಇನ್ನೊಬ್ರದ್ದು ಇಟ್ಕೊಳ್ಳುತ್ತೆ."

ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ಏನೂ ತೊಂದರೆಯಿಲ್ಲ ಎಂದರು. ಅವಳು ಅತ್ತಳು, ಸದ್ದಿಲ್ಲದೆ. ನಿದ್ದೆಯಲ್ಲಿ ಅವಳ ತುಟಿ ಆಡುತ್ತಿತ್ತು. ಪಕ್ಕದಲ್ಲಿ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಎಚ್ಚರವಾದರೆ ಅವಳು ಮಗ್ಗುಲು ತಿರುಗಿಕೊಳ್ಳುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ, ಮೊಳೆ ಮತ್ತೆ ಹೊಡೆದರೆ ಅವಳ ದನಿ ಮರಳೀತೆಂದು ಅವನು ಸುತ್ತಿಗೆ ಹಿಡಿದು ಹೊರಟ. ಓನರಮ್ಮ ಗೇಟಿಗೆ ಅಡ್ಡ ನಿಂತರು. "ನಿನ್ನ ಕಾಲಿಗೆ ಬೀಳ್ತೀನಿ, ಮತ್ತೆ ಹೊಡೀಬೇಡ ಕಣಪ್ಪ. ಈಗಷ್ಟೇ ನನ್ನ ಹೆಸರು ಹಿಡಿದು ಕರೀತಿದಾರೆ." ಅವನು ಅವರನ್ನು ಸರಿಸಿಕೊಂಡು ನಡೆದ. ಒಳಗಿನಿಂದ ಮುದುಕರು ಏನೋ ಕೂಗಿ ಹೇಳಿದರು. ಅವನು ನಿಲ್ಲಲಿಲ್ಲ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತೊಟ್ಟಿಗಿಳಿದು, ಭುಜದವರೆಗೆ ಕೈ ಇಳಿಸಿ ಕೊಬ್ಬಿನಲ್ಲಿ ತಡಕಿದ. ಮೊಳೆ ಸಿಕ್ಕಿತು. ನಾಲಿಗೆಯೂ ಸಿಕ್ಕಿತು. ಅದು ಒಣಗಿರಲಿಲ್ಲ. ಮೆತ್ತಗೆ, ಬೆಚ್ಚಗೆ ಇತ್ತು. ಮೇಲೆ ಹತ್ತಿ, ಕಂಬಕ್ಕೆ ಒತ್ತಿ ಹಿಡಿದು, ಮೊಳೆಯಿಟ್ಟು ಸುತ್ತಿಗೆ ಎತ್ತಿದ.

"ರೀ."

ಅವಳ ದನಿ. ಗಿರಕ್ಕನೆ ತಿರುಗಿದ. ಕೋಣೆಯಲ್ಲಿ ಯಾರೂ ಇರಲಿಲ್ಲ. ತೊಲೆಯ ಮೇಲೊಂದು ಗೊರವಂಕ ಹಳದಿ ಕೊಕ್ಕು ತೆರೆದು ಅವನನ್ನೇ ನೋಡುತ್ತಿತ್ತು.

"ನಾನು ಮನೆಗೆ ಹೊರಟಿದ್ದೆ" ಎಂದಿತು ಹಕ್ಕಿ, ನಿದ್ದೆಯಲ್ಲಿ ಅವಳು ಮಾತಾಡುತ್ತಿದ್ದ ಅದೇ ಧಾಟಿಯಲ್ಲಿ. "ಯಾಕ್ರೀ ನನ್ನನ್ನ ಒಳಗೆ ಕರೆದ್ರಿ?"

ಸುತ್ತಿಗೆ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಗೊರವಂಕ ಒಡೆದ ಸೂರಿನಿಂದ ಹೊರಗೆ ಹಾರಿತು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತ ಊರಿನ ಕಡೆ ಹೋಯಿತು.