ಮೂರನೆಯ ಎಲೆ

"ಆ ಗಂಡಸಿನ ಹಿಂದೆ ನೀನು ಈ ಮೆಟ್ಟಿಲು ಇಳಿದರೆ, ಬರುವ ಆಟಿ ಅಮಾವಾಸ್ಯೆಗೆ ನಿನ್ನ ಹೆಸರಿಗೂ ಒಂದು ಎಲೆ ಹಾಕ್ತೇನೆ. ಸತ್ತವರಿಗೆ ಹಾಕುವ ಎಲೆ. ನೆನಪಿರಲಿ."

ಸುಂದರಿ ಇದನ್ನು ಕೂಗಿ ಹೇಳಿದ್ದರೆ ಹರಿಣಾಕ್ಷಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಕೂಗಾಟ ಆ ಮನೆಗೆ ಹೊಸತಲ್ಲ. ಸೊಸೆಯಾಗಿ ಬಂದ ದಿನದಿಂದ ಅತ್ತೆಯ ಬಾಯಿ ಎಂಥದ್ದೆಂದು ಅವಳು ಬಲ್ಲಳು. ಆದರೆ ಇವತ್ತು ಸುಂದರಿ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, ಪೇಟೆಯಿಂದ ತರಬೇಕಾದ ಸಾಮಾನು ಹೇಳುವವಳ ಹಾಗೆ ತಣ್ಣಗೆ ಹೇಳಿದ್ದಳು. ಬದುಕಿರುವ ಸೊಸೆಯ ಮುಖ ನೋಡಿಕೊಂಡೇ ಹೇಳಿದ್ದಳು. ಹರಿಣಾಕ್ಷಿ ಚಾದ ಗ್ಲಾಸು ಎತ್ತಿಕೊಂಡು ನಿಂತಿದ್ದಳು. ಬಂದವನು ಮುಟ್ಟದೆ ಬಿಟ್ಟು ಹೋದ ಚಾ ಅದು.

ಬಂದಿದ್ದವನು ಜನಾರ್ದನ. ಪುತ್ತಿಗೆಯವನು, ಹೆಂಡತಿಯನ್ನು ಕಳೆದುಕೊಂಡವನು. ನಾಯ್ಮಾರ್ಮೂಲೆಯ ಮಾರ್ಕೆಟ್ಟಿಗೆ ಮೀನು ಸಾಗಿಸುವ ಪಿಕಪ್ ಓಡಿಸುತ್ತಾನೆ. ಹರಿಣಾಕ್ಷಿ ಅದೇ ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುವವಳು. ಮಳೆಯಲ್ಲಿ ಬಸ್ಸು ತಪ್ಪಿದಾಗ ಅವನು ಬುಟ್ಟಿಯನ್ನು ಗಾಡಿಗೆ ಏರಿಸಿಕೊಟ್ಟಿದ್ದಾನೆ. ಅವಳ ಮಗಳು ಭವ್ಯಶ್ರೀಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾನೆ. ಅದಕ್ಕಿಂತ ಹೆಚ್ಚಿನದೇನೂ ಅವರ ನಡುವೆ ನಡೆದಿರಲಿಲ್ಲ. ಕದ್ದುಮುಚ್ಚಿ ಮಾಡುವ ಬುದ್ಧಿ ಅವನದ್ದಲ್ಲ. ಅದಕ್ಕೇ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಹಾಡುಹಗಲೇ ಜಗಲಿಗೆ ಬಂದು ಕುಳಿತಿದ್ದ.

"ಅಮ್ಮಾ, ಹರಿಣಾಕ್ಷಿಯನ್ನು ಮದುವೆ ಆಗಬೇಕು ಅಂತ ಉಂಟು. ಮಗುವನ್ನು ನನ್ನದೇ ಮಗು ಅಂತ ನೋಡಿಕೊಳ್ತೇನೆ. ನಿಮ್ಮನ್ನು ಕೇಳದೆ ಮಾಡುವ ಕೆಲಸ ಅಲ್ಲ ಇದು" ಎಂದಿದ್ದ.

"ನನ್ನ ಮಗ ಬದುಕಿದ್ದಾನೆ. ಗಂಡ ಇರುವ ಹೆಂಗಸನ್ನು ಮನೆಗೇ ಬಂದು ಕೇಳ್ತೀರಲ್ಲ, ಎಂತ ಧೈರ್ಯ ಮಾರಾಯ್ರೇ ನಿಮ್ಮದು?" ಎಂದಿದ್ದಳು ಸುಂದರಿ. ಜನಾರ್ದನ ಕೈ ಮುಗಿದು ಎದ್ದು ಹೋಗಿದ್ದ.

ಆ ಮಗ ಜಯಂತ್ ಬದುಕಿದ್ದಾನೆಯೇ? ಮಂಗಳೂರಿನ ದಕ್ಕೆಯಿಂದ ಹೊರಟ ಬೋಟು ತೂಫಾನಿಗೆ ಸಿಕ್ಕಿ ಒಡೆದು ಏಳು ವರ್ಷಗಳ ಮೇಲಾಯಿತು. ಬೋಟಿನ ಹಲಗೆಗಳು ಸಿಕ್ಕಿದವು. ಇಬ್ಬರ ಹೆಣಗಳೂ ಸಿಕ್ಕಿದವು. ಜಯಂತ್ ಸಿಗಲಿಲ್ಲ. ಸರಕಾರದ ಕಾಗದದಲ್ಲಿ ಅವನು 'ಕಾಣೆಯಾದವನು'. ತೊಟ್ಟಿಲಲ್ಲಿ ಬಿಟ್ಟು ಹೋದ ಮಗಳು ಈಗ ಶಾಲೆಯ ಜಗಲಿಯಲ್ಲಿ ನಿಂತು, "ನನ್ನ ಅಪ್ಪ ಕಡಲಿಗೆ ಹೋಗಿದ್ದಾರೆ, ಬರ್ತಾರೆ" ಎಂದು ಟೀಚರಿಗೆ ಹೇಳುತ್ತಾಳೆ. ಅಜ್ಜಿ ಕಲಿಸಿದ ಮಾತು ಅದು. ಹರಿಣಾಕ್ಷಿ ಆ ಮಾತನ್ನು ಅತ್ತ ತಿದ್ದಲೂ ಆರದೆ, ಇತ್ತ ಒಪ್ಪಲೂ ಆರದೆ ಎಷ್ಟು ದಿನ ನುಂಗಿಕೊಂಡಿದ್ದಾಳೋ ಅವಳಿಗೇ ಗೊತ್ತು. ಹಣೆಯಲ್ಲಿ ಕುಂಕುಮ ಉಂಟು, ಮನೆಯಲ್ಲಿ ಗಂಡನಿಲ್ಲ. ಮುತ್ತೈದೆಯರ ಸಾಲಿನಲ್ಲಿ ಕೂರಿಸಲು ನಾಲ್ಕು ಜನ ಹಿಂದೆಮುಂದೆ ನೋಡುತ್ತಾರೆ. ವಿಧವೆ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಒಂದು ಎಲೆಯಿಂದ ಎಲ್ಲವೂ ತೀರ್ಮಾನವಾಗುತ್ತಿತ್ತು. ಆಟಿ, ಅಂದರೆ ಆಷಾಢ ತಿಂಗಳ ಅಮಾವಾಸ್ಯೆಯ ಸಂಜೆ ಸತ್ತ ಹಿರಿಯರಿಗೆ ಬಾಳೆಲೆ ಹಾಕಿ ಬಡಿಸುವುದು ಆ ಸೀಮೆಯಲ್ಲೆಲ್ಲ ಇರುವ ಕ್ರಮವೇ. ಮನೆಯ ಹಿರಿಯಳು ಜಯಂತನ ಹೆಸರಿಗೆ ಎಲೆ ಹಾಕಿದರೆ ಅವನು ಸತ್ತವರ ಲೆಕ್ಕಕ್ಕೆ ಸೇರಿದ. ಹೆಂಡತಿಯ ಋಣ ತೀರಿತು. ಆದರೆ ಅವರ ಊರಿನಲ್ಲಿ ಅದು ಅಷ್ಟು ಸುಲಭವಲ್ಲ. ಅದಕ್ಕೆ ಊರು ಹುಟ್ಟಿದ ಕಥೆಯೇ ಅಡ್ಡ ನಿಂತಿದೆ.

ಐಮನೆ ಕಡಪ್ಪುರ, ಅಂದರೆ ಐದು ಮನೆಗಳ ಕಡಲತಡಿ, ಎಂದು ಆ ಊರಿನ ಹೆಸರು. ಕುಂಬಳೆ ಕಳೆದು, ರೈಲಿನ ಹಳಿ ದಾಟಿ, ಪಡುವಣಕ್ಕೆ ಇಳಿದರೆ ಸಿಗುತ್ತದೆ. ಈಗ ಹೆಂಚಿನ ಮನೆಗಳೂ ತಾರಸಿ ಮನೆಗಳೂ ಒತ್ತೊತ್ತಾಗಿ ಎದ್ದಿದ್ದರೂ ಹೆಸರು ಮಾತ್ರ ಐಮನೆಯೇ. ಹಿಂದಿನ ಕಾಲದಲ್ಲಿ ಉಡುಪಿಯ ಕಡೆಯ ಒಂದು ಕಡಲತಡಿಯಲ್ಲಿ ಸಿಡುಬು ಬಂತಂತೆ. ರೋಗ ಹತ್ತಿದ ಐದು ಮನೆಗಳವರನ್ನು ಸ್ವಂತ ಊರಿನವರೇ ದೋಣಿಗಳಿಗೆ ಹತ್ತಿಸಿ, ಒಂದಿಷ್ಟು ಅಕ್ಕಿ ಉಪ್ಪು ಕೊಟ್ಟು, ತೆಂಕಣಕ್ಕೆ ತಳ್ಳಿದರಂತೆ. ಸಾಯುವವರು ದಾರಿಯಲ್ಲೇ ಸತ್ತರು. ಉಳಿದವರು ಕೇದಗೆಯ ಪೊದೆ ಬಿಟ್ಟರೆ ಇನ್ನೇನೂ ಬೆಳೆಯದ ಈ ಮರಳಿನ ಮೇಲೆ ಇಳಿದರು. ಯಾರಿಗೂ ಬೇಡದ ನೆಲವಾದ್ದರಿಂದ ಯಾರೂ ಏಳಿಸಲಿಲ್ಲ.

ಬದುಕುಳಿದವರಲ್ಲಿ ದೂಮ ಎಂಬವನೊಬ್ಬ. ಸುಂದರಿಯ ಅಜ್ಜಿಯ ಅಣ್ಣ. ಎರಡು ಮಳೆಗಾಲ ಕಳೆದ ಮೇಲೆ ಅವನಿಗೆ ಹಳೆಯ ಊರಿನಲ್ಲೇ, ರೋಗ ಹತ್ತದ ನೆಂಟರ ಮನೆಯಲ್ಲಿ ಉಳಿದಿದ್ದ ತಾಯಿಯನ್ನು ನೋಡುವ ಆಸೆಯಾಯಿತು. ಕಡಲ ಬದಿ ಹಿಡಿದು ನಡೆದೇ ಹೋದ. ತಲಪುವಾಗ ಆಟಿ ಅಮಾವಾಸ್ಯೆಯ ಸಂಜೆ. ಜಗಲಿಯಲ್ಲಿ ಅವನ ಹೆಸರಿಗೆ ಎಲೆ ಹಾಕಿ ಬಡಿಸಿದ್ದರು. ಸಿಡುಬಿನ ಕಲೆ ತುಂಬಿದ ಮುಖ ಹೊತ್ತು ಅಂಗಳದಲ್ಲಿ ನಿಂತವನನ್ನು ನೋಡಿ, ಹೆತ್ತ ತಾಯಿಯೇ ಅವನನ್ನು ಪ್ರೇತ ಎಂದುಕೊಂಡಳು. "ನಾನು ಬದುಕಿದ್ದೇನೆ ಅಮ್ಮಾ" ಎಂದು ಅವನು ಕೂಗಿದರೆ, ಸತ್ತವರು ಹಾಗೆಯೇ ಕೂಗುವುದು ಎಂದು ಒಳಗಿನಿಂದ ಯಾರೋ ಹೇಳಿದರಂತೆ. ತಾಯಿ ಎಲೆಯನ್ನು ಅಂಗಳಕ್ಕೆ ತಂದಿಟ್ಟು, "ಉಂಡು ಹೋಗು ಮಗಾ, ಒಳಗೆ ಮಾತ್ರ ಬರಬೇಡ, ಸಣ್ಣ ಮಕ್ಕಳಿದ್ದಾರೆ" ಎಂದು ಅಳುತ್ತಾ ಬಾಗಿಲು ಹಾಕಿಕೊಂಡಳು. ದೂಮ ಅಂಗಳದಲ್ಲಿ ಕುಳಿತು ತನ್ನ ಎಲೆಯನ್ನು ತಾನೇ ಉಂಡು ಬಂದ ದಾರಿಯಲ್ಲೇ ನಡೆದ. ಊರಿಗೆ ಬಂದವನೇ ಐದು ಮನೆಗಳವರನ್ನೂ ಕಡಲಿಗೆ ಇಳಿಸಿ, ಉಪ್ಪುನೀರು ಮುಟ್ಟಿಸಿ ಮಾತು ತೆಗೆದುಕೊಂಡ: ಹೆಣವನ್ನು ಕಣ್ಣಿನಿಂದ ಕಾಣದೆ ಈ ಊರಿನಲ್ಲಿ ಯಾರ ಹೆಸರಿಗೂ ಎಲೆ ಹಾಕಬಾರದು.

ಆ ಮಾತನ್ನು ಊರು ಇಂದಿನವರೆಗೆ ಮುರಿದಿಲ್ಲ. ಕಡಲು ನುಂಗಿದ ಗಂಡಸರಿಗಾಗಿ ಕಾದು ಕಾದು, ಕುಂಕುಮ ಇಟ್ಟುಕೊಂಡೇ ಮುದುಕಿಯರಾಗಿ ಸತ್ತವರಿದ್ದಾರೆ. ಅಂಥ ಊರಿನಲ್ಲಿ, ಅದೂ ದೂಮನ ಮನೆತನದ ಸುಂದರಿ, ಬದುಕಿರುವ ಸೊಸೆಯ ಹೆಸರಿಗೆ ಎಲೆ ಹಾಕುತ್ತೇನೆ ಎಂದಳಲ್ಲ... ದೂಮನಿಗೆ ಆದದ್ದನ್ನೇ ನನಗೆ ಮಾಡುತ್ತಾರಂತೆ! ಹರಿಣಾಕ್ಷಿಗೆ ಅದಕ್ಕೇ ಅಷ್ಟು ನೋವಾದದ್ದು.

ಅವಳು ಊರಿನ ಕಟ್ಟಳೆ ನೋಡಿಕೊಳ್ಳುವ ಹಿರಿಯರು, ಗುರಿಕಾರರಾದ ಕುಂಞ ಅವರ ಹತ್ತಿರವೂ ಹೋಗಿ ಬಂದಳು. ಮುದುಕರು ಕಣ್ಣು ಮುಚ್ಚಿಕೊಂಡು ಕೇಳಿದರು. ಮರುಕ ಇಲ್ಲದವರಲ್ಲ. "ಎಂತ ಹೇಳುವುದು ಮಗಾ? ಎಲೆ ಹಾಕದೆ ಮದುವೆ ಮಾಡಿಸ್ಲಿಕ್ಕೆ ನನಗೆ ಆಗುವುದಿಲ್ಲ. ಎಲೆ ಹಾಕು ಅಂತ ಸುಂದರಿಗೆ ಹೇಳ್ಲಿಕ್ಕೂ ಆಗುವುದಿಲ್ಲ" ಎಂದು ಬಿಟ್ಟರು.

ಮೂರು ನಾಲ್ಕು ದಿನ ಕಳೆದು ಜನಾರ್ದನ ಮತ್ತೆ ಬಂದ. ಈ ಸಲ ಜಗಲಿಗೆ ಬರಲಿಲ್ಲ. ಹಿತ್ತಿಲ ಬೇಲಿಯಾಚೆ ನಿಂತು, ಬಟ್ಟೆ ಒಣಹಾಕುತ್ತಿದ್ದ ಹರಿಣಾಕ್ಷಿಯನ್ನು ಕರೆದ.

"ವಕೀಲರ ಹತ್ತಿರ ಕೇಳಿದೆ. ಏಳು ವರ್ಷ ಕಳೆದದ್ದರಿಂದ ಕೋರ್ಟಿನಲ್ಲಿ ಸತ್ತವನು ಅಂತ ಬರೆಸ್ಲಿಕ್ಕೆ ಆಗ್ತದಂತೆ. ಆಮೇಲೆ ರಿಜಿಸ್ಟರ್ ಮದುವೆ ಮಾಡುವ. ಎಲೆ, ಕಟ್ಟುಕಟ್ಟಳೆ ಅಂತ ಕೂತರೆ ನಿನ್ನ ಜೀವನ ಇಲ್ಲಿಯೇ ಮುಗಿದು ಹೋಗ್ತದೆ."

ಹರಿಣಾಕ್ಷಿ ಹಿಂಡಿದ ಸೀರೆಯನ್ನೇ ಮತ್ತೆ ಹಿಂಡಿದಳು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಒಂದು ಗಳಿಗೆ, ಪುತ್ತಿಗೆಯ ಆ ಮನೆ, ಅಲ್ಲಿ 'ಅಪ್ಪ' ಎಂದು ಕರೆಯುವ ಮಗಳು, ಎಲ್ಲವೂ ಕಣ್ಣ ಮುಂದೆ ಬಂದು ಹೋಯಿತು.

"ಬೇಡ. ನೀವು ಬೇರೆ ಕಡೆ ನೋಡಿ."

"ಅತ್ತೆಯ ಹೆದರಿಕೆಯಾ?"

"ಹೆದರಿಕೆ ಅಲ್ಲ. ನನ್ನ ಹೆಸರಿಗೆ ಎಲೆ ಹಾಕಿದರೆ ನಾನು ಸಾಯುವುದಿಲ್ಲ. ಆದರೆ ನಾನು ಹೋದರೆ ಮಾಮಿ ಒಬ್ಬರೇ ಕಾಯಬೇಕು. ಇಬ್ಬರು ಕಾಯುವುದು ಬೇರೆ, ಒಬ್ಬರೇ ಕಾಯುವುದು ಬೇರೆ. ಸಂಜೆ ಅವರು ಕಡಲು ನೋಡಿಕೊಂಡು ಕೂತ್ಕೊಳ್ತಾರೆ. ನಾನೂ ಹೋಗಿ ಹತ್ತಿರ ಕೂತ್ಕೊಳ್ತೇನೆ. ನಮಗೆ ಮಾತಾಡ್ಲಿಕ್ಕೆ ಎಂತ ಇಲ್ಲ. ಆದರೂ ಕೂತ್ಕೊಳ್ತೇನೆ. ಜಯಂತನ ತಾಯಿ ಅಲ್ವಾ ಅವರು... ಅವರನ್ನು ಒಬ್ಬರನ್ನೇ ಕೂರಿಸಿ ಬರ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಜನಾರ್ದನ ಬೇಲಿಯಿಂದ ಹಿಂದೆ ಸರಿದು ಗಾಡಿಯ ಕಡೆ ನಡೆದ. ಪಿಕಪ್ ಹೋದ ಸದ್ದು ಅಡಗುವವರೆಗೆ ಹರಿಣಾಕ್ಷಿ ಹಗ್ಗ ಹಿಡಿದು ನಿಂತಳು. ಆಮೇಲೆ ಮುಖ ತೊಳೆದುಕೊಂಡು ಒಲೆ ಹೊತ್ತಿಸಲು ಒಳಗೆ ನಡೆದಳು.

ಅಂದಿನಿಂದ ಸುಂದರಿಯ ಬಾಯಿ ಕಟ್ಟಿಹೋಯಿತು. ಬೈಗುಳವೂ ಇಲ್ಲ, ಚುಚ್ಚುಮಾತೂ ಇಲ್ಲ. ಬೈಯದ ಅತ್ತೆಯನ್ನು ಕಂಡು ಹರಿಣಾಕ್ಷಿಗೆ ಇನ್ನಷ್ಟು ದಿಗಿಲು. ಅಮಾವಾಸ್ಯೆ ಬಂತು. ಯಾವತ್ತೂ ಸೊಸೆಯನ್ನು ಕಳಿಸುವವಳು ಅಂದು ಬೆಳಿಗ್ಗೆ ತಾನೇ ಕಡಲತಡಿಗೆ ಇಳಿದು, ದೋಣಿಯವರಲ್ಲಿ ಕಾಡಿ ಬೂತಾಯಿ ಮೀನು ತಂದಳು. ತಾನೇ ಮಸಾಲೆ ಅರೆದು ಗಸಿ ಮಾಡಿದಳು. ಸಂಜೆಯಾಗುತ್ತಿದ್ದಂತೆ, ಸೊಸೆಯ ಮುಖ ನೋಡದೆ ಹೇಳಿದಳು:

"ಮೂರು ಎಲೆ ಕೊಯ್ದುಕೊಂಡು ಬಾ."

ಪ್ರತಿ ವರ್ಷ ಎರಡೇ ಎಲೆ. ಒಂದು ಹಿರಿಯರೆಲ್ಲರಿಗೂ ಸೇರಿ. ಇನ್ನೊಂದು ತೀರಿಹೋದ ಮಾವನಿಗೆ. ಮೂರನೆಯದು ಯಾರಿಗೆಂದು ಕೇಳುವ ಧೈರ್ಯ ಹರಿಣಾಕ್ಷಿಗೆ ಬರಲಿಲ್ಲ. ನಾನು ಹೋಗಲಿಲ್ಲವಲ್ಲ, ಈ ಮೆಟ್ಟಿಲು ಇಳಿಯಲಿಲ್ಲವಲ್ಲ, ಆದರೂ ಹಟ ತೀರಿಸಿಕೊಳ್ಳಬೇಕೇ ಇವರಿಗೆ? ಬಾಳೆಯ ಬುಡದಲ್ಲಿ ನಿಂತು, ಮಳೆಯ ಹನಿಯೋ ಕಣ್ಣೀರೋ ತಿಳಿಯದ ಹಾಗೆ ಅವಳು ಅತ್ತಳು. ನನ್ನ ಸಾವಿನ ಎಲೆಯನ್ನು ನನ್ನ ಕೈಯಿಂದಲೇ ಕೊಯ್ಯಿಸುತ್ತಿದ್ದಾರೆ ಎಂದುಕೊಂಡು ಕತ್ತಿ ಹಾಕಿದಳು.

ಐದು ಮೂಲದ ಮನೆಗಳಲ್ಲಿ ಗುರಿಕಾರರು ಬಂದು ದೀಪ ಹಚ್ಚಿದ ಮೇಲೆಯೇ ಬಡಿಸುವುದು ಕ್ರಮ. ಕುಂಞ ಗುರಿಕಾರರು ಬಂದರು. ಒಳಗಿನ ಕೋಣೆಯಲ್ಲಿ ಎರಡು ಎಲೆಗಳ ಮುಂದೆ ದೀಪ ಹಚ್ಚಿದ ಮೇಲೆ, ಮೂರನೆಯದೂ ಇರುವುದು ಕಂಡು ಅವರ ಹುಬ್ಬು ಗಂಟಾಯಿತು.

"ಮೂರು ಯಾಕೆ ಸುಂದರಿ? ಯಾರಿಗೆ?"

ಸುಂದರಿ ಮೊದಲನೆಯ ಎಲೆಗೆ ಬಡಿಸಿದಳು. ಎರಡನೆಯದಕ್ಕೆ ಬಡಿಸಿದಳು. ಮೂರನೆಯ ಎಲೆಯ ಮುಂದೆ ನೆಲದಲ್ಲೇ ಕುಳಿತುಬಿಟ್ಟಳು. ಅನ್ನ ಹಾಕಿದಳು. ಗಸಿಯಿಂದ ಒಂದು ಬೂತಾಯಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು, ಮುಳ್ಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಬೆರಳಿಗೆ ಸಿಕ್ಕದ ಕೂದಲೆಳೆಯಂಥ ಮುಳ್ಳನ್ನು ದೀಪದ ಕಡೆ ಹಿಡಿದು ಹುಡುಕಿ ತೆಗೆದಳು. ಬಾಗಿಲಲ್ಲಿ ನಿಂತಿದ್ದ ಹರಿಣಾಕ್ಷಿಗೆ ಆಗ ಹೊಳೆಯಿತು. ಈ ಮನೆಯಲ್ಲಿ ಮುಳ್ಳು ಬಿಡಿಸಿ ಮೀನು ಹಾಕುತ್ತಿದ್ದದ್ದು ಒಬ್ಬನಿಗೆ ಮಾತ್ರ. ಮೀಸೆ ಬಂದ ಮೇಲೂ, ಮದುವೆಯಾದ ಮೇಲೂ, ನಾಲ್ಕು ಜನ ನಕ್ಕರೂ, ತಾಯಿಯ ಕೈಯಿಂದ ಮುಳ್ಳು ಬಿಡಿಸಿಕೊಂಡೇ ಉಣ್ಣುತ್ತಿದ್ದವನು ಒಬ್ಬನೇ...

"ಮಾಮೀ..." ಎಂದಳು.

"ಅವತ್ತು ನಾನು ಬೇಲಿಯ ಹತ್ತಿರವೇ ಇದ್ದೆ" ಎಂದಳು ಸುಂದರಿ, ಕೈಯ ಕೆಲಸ ನಿಲ್ಲಿಸದೆ. "ಅವನ ಜೊತೆ ಹೊರಟರೆ ಅಲ್ಲಿಯೇ ಜುಟ್ಟು ಹಿಡಿದು ಎಳೆಯಬೇಕು ಅಂತ ಬಂದದ್ದು. ನೀನು ಹೇಳಿದ್ದು ಎಲ್ಲ ಕೇಳಿಸಿತು."

ಗುರಿಕಾರರು ಮುಂದೆ ಬಂದರು. "ಸುಂದರಿ, ಬೇಡ. ಉಪ್ಪುನೀರು ಮುಟ್ಟಿ ಕೊಟ್ಟ ಮಾತು. ಕಾಣದವರಿಗೆ ಎಲೆ ಇಲ್ಲ."

"ಆ ಮಾತು ತೆಗೆದುಕೊಂಡದ್ದು ನಮ್ಮ ಮನೆಯವರು, ಗುರಿಕಾರ್ರೇ. ಮುರಿದ ಪಾಪವೂ ನಮ್ಮ ಮನೆಗೇ ಇರಲಿ. ದೂಮಜ್ಜ ಬದುಕಿ ಬಂದವರನ್ನು ಕೊಲ್ಲಬೇಡಿ ಅಂತ ಮಾಡಿದ್ದು ಅದು. ಅದನ್ನು ಹಿಡಿದುಕೊಂಡು ನಾನು ಮನೆಯಲ್ಲಿ ಬದುಕಿರುವವಳನ್ನು ದಿನಾ ಕೊಲ್ತಾ ಇದ್ದೇನೆ. ಅವರಿದ್ದರೆ ನನ್ನ ಮುಖ ನೋಡ್ತಿದ್ದರಾ?"

"ನಾಳೆ ಅವನು ಬಂದರೆ? ಬಂದು ಅಂಗಳದಲ್ಲಿ ನಿಂತರೆ?"

ಸುಂದರಿಯ ಕೈ ನಿಂತಿತು. ಏಳು ವರ್ಷವೂ ಅವಳನ್ನು ಕಟ್ಟಿಹಾಕಿದ್ದ ಪ್ರಶ್ನೆ ಅದೇ ಆಗಿತ್ತು.

"ಬಂದರೆ ಬಾಗಿಲು ಹಾಕುವುದಿಲ್ಲ ನಾನು. ಪ್ರೇತವಾಗಿ ಬಂದರೂ ಹಾಕುವುದಿಲ್ಲ. ಕೈ ಹಿಡಿದು ಒಳಗೆ ಕರ್ಕೊಂಡು ಬಂದು, ಎಲೆ ಹಾಕಿದ್ದು ನಾನು, ನಿನ್ನ ಹೆಂಡತಿ ಅಲ್ಲ, ಬೈಯುವುದಿದ್ದರೆ ನನ್ನನ್ನು ಬೈ ಅಂತ ಹೇಳ್ತೇನೆ."

ಗುರಿಕಾರರು ಬಗ್ಗಿ, ಮೂರನೆಯ ಎಲೆಯ ಮುಂದೆಯೂ ಒಂದು ದೀಪ ಹಚ್ಚಿದರು.

ಎಲ್ಲರೂ ಹೊರಗೆ ಬಂದರು. ಬಾಗಿಲು ಹಾಕಿದರು. ಒಳಗೆ ಹಿರಿಯರು ಉಣ್ಣುವ ಹೊತ್ತು ಅದು. ಭವ್ಯಶ್ರೀ ತಾಯಿಯ ಮಡಿಲಿಗೆ ಒರಗಿ, "ಒಳಗೆ ಯಾರು ಅಮ್ಮಾ?" ಎಂದು ಪಿಸುಗುಟ್ಟಿದಳು. "ನಿನ್ನ ಅಪ್ಪ" ಎಂದಳು ಹರಿಣಾಕ್ಷಿ. ಮಗಳಿಗೆ ಅವಳು ಈ ವಿಷಯದಲ್ಲಿ ಹೇಳಿದ ಮೊದಲ ನಿಜವಾದ ಮಾತು ಅದು. ಹುಡುಗಿ ಮತ್ತೇನೂ ಕೇಳದೆ ಬಾಗಿಲನ್ನೇ ನೋಡುತ್ತಾ ಕುಳಿತಳು.

ಬಾಗಿಲು ತೆರೆಯುವ ಮುಂಚೆ, ಎಲೆ ಹಾಕಿದವರು ಕದ ತಟ್ಟಿ, ಉಂಡವರಿಗೆ ಹೋಗಿಬರಲು ಹೇಳಬೇಕು. ಗುರಿಕಾರರು ಕಣ್ಣಿನಲ್ಲೇ ಸನ್ನೆ ಮಾಡಿದರು. ಸುಂದರಿ ಎದ್ದಳು. ಕದದ ಮೇಲೆ ಕೈ ಇಟ್ಟಳು, ತಟ್ಟಲಾಗಲಿಲ್ಲ. ತಿರುಗಿ ಸೊಸೆಯ ಕಡೆ ನೋಡಿದಳು. ಅಷ್ಟು ವರ್ಷ ಹುಲಿಯ ಹಾಗೆ ಮನೆ ಕಾದವಳು ಈಗ ಎಷ್ಟು ಸಣ್ಣವಳಾಗಿ ಕಂಡಳೆಂದರೆ, ಹರಿಣಾಕ್ಷಿ ಓಡಿಹೋಗಿ ಅವಳನ್ನು ತಬ್ಬಿ ಹಿಡಿದಳು. ಮದುವೆಯಾಗಿ ಬಂದ ಮೇಲೆ ಆ ಇಬ್ಬರು ಹೆಂಗಸರು ಹಾಗೆ ಒಬ್ಬರನ್ನೊಬ್ಬರು ಮುಟ್ಟಿದ್ದೇ ಇಲ್ಲ.

ಸುಂದರಿ ಕದ ತಟ್ಟಿದಳು.

"ಜಯಂತಾ... ಉಂಡು ಆಯ್ತಾ ಮಗಾ?" ಒಳಗಿನಿಂದ ಯಾವ ಸದ್ದೂ ಇಲ್ಲ. "ಆಗಿದ್ದರೆ ಹೋಗಿ ಬಾ ಇನ್ನು. ಇಲ್ಲಿಯದ್ದು ಎಂತದ್ದೂ ನೀನು ಯೋಚನೆ ಮಾಡಬೇಡ. ಮಗಳಿಗೆ ಅಪ್ಪ ಸಿಗ್ತಾನೆ. ಇವಳನ್ನು ನಾನೇ ನಿಂತು ಮದುವೆ ಮಾಡಿಸಿ ಕಳಿಸ್ತೇನೆ. ಸೊಸೆ ಅಂತ ಅಲ್ಲ... ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಅಂತ ಕಳಿಸ್ತೇನೆ."

ಇಷ್ಟು ಹೇಳಿ ಅವಳು ಹೊಸ್ತಿಲ ಮೇಲೆ ಕುಸಿದು ಕುಳಿತಳು. ಏಳು ವರ್ಷಗಳಿಂದ ಒಂದು ಹನಿ ಕಣ್ಣೀರು ಹಾಕದ ಸುಂದರಿ ಊರಿಗೆಲ್ಲ ಕೇಳುವ ಹಾಗೆ ಅತ್ತಳು. ನೆರೆಮನೆಗಳ ಹೆಂಗಸರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಕಡಲಿಗೆ ಹೋಗಿ ಬಾರದ ಗಂಡಂದಿರಿಗಾಗಿ ಕಾಯುತ್ತಿದ್ದ ಮುದುಕಿಯರೂ ಅವರಲ್ಲಿದ್ದರು. ಯಾರೂ ತಪ್ಪು ಎನ್ನಲಿಲ್ಲ. ಬಂದವರು ಜಗಲಿಯ ಮೇಲೆ ಅವಳ ಸುತ್ತ ಕುಳಿತು ಅವಳ ಜೊತೆ ಅಳತೊಡಗಿದರು.