ಧಾರಾವಾಹಿ ನೋಡಿ ಬಂದ ಮಗಳು

“ವೈನಿ, ಇವತ್ತ ಅವ್ವನ್ನ ನಾ ಅಮರಗೋಳಕ್ಕ ನಮ್ಮ ಮನಿಗಿ ಕರಕೊಂಡ ಹೋಗಾಕಿನ! ಯಾರೂ ಅಡ್ಡ ಬರಬ್ಯಾಡ್ರಿ!”

ಚಪ್ಪಲಿ ಬಿಡುವ ಮೊದಲೇ ನಾದಿನಿ ಸುಮಲತಾ ಹಾಕಿದ ಈ ಕೂಗಿಗೆ, ರೊಟ್ಟಿ ಬಡಿಯುತ್ತಿದ್ದ ದಾಕ್ಷಾಯಿಣಿಯ ಕೈ ನಿಂತೇಬಿಟ್ಟಿತು. ಮಾಳಮಡ್ಡಿಯ ಈ ತವರಿಗೆ ಸುಮಲತಾ ಕಾಲಿಟ್ಟು ಎಂಟು ತಿಂಗಳಾಗಿತ್ತು. ಅತ್ತೆ ರತ್ನವ್ವನಿಗೆ ಮರೆವಿನ ರೋಗವೆಂದು ಡಾಕ್ಟರರು ಹೇಳಿ ಎರಡು ವರ್ಷ. ಅಂದಿನಿಂದ ನೀರೆರೆದು, ಉಣಿಸಿ, ತಲೆ ಬಾಚಿ ನೋಡಿಕೊಂಡವಳು ದಾಕ್ಷಾಯಿಣಿ. ಆ ಜೀವವನ್ನೇ ಈಗ ಕಿತ್ತುಕೊಂಡು ಹೋಗುವುದೇ?

ಇದಕ್ಕೆಲ್ಲ ಕಾರಣ ಟೀವಿ! ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಸಂಜೆ ಏಳಕ್ಕೆ ಬರುತ್ತಿದ್ದ ಧಾರಾವಾಹಿಯಲ್ಲೂ ಒಬ್ಬ ಮರೆವಿನ ಮುದುಕಿ ಇದ್ದಳು. ಆದರೆ ಎಂಥ ಮರೆವು ಅದು! ಸೀರೆಯ ನೆರಿಗೆ ಕದಲದು, ಒಂದು ಕೂದಲು ಕೆದರದು. ಕಂತು ಮುಗಿಯುವ ಹೊತ್ತಿಗಷ್ಟೇ ಮಗಳ ಹೆಸರು ಮರೆಯುವುದು. ಇಲ್ಲಿ ರತ್ನವ್ವ ಸೌಟನ್ನು ಹಾಸಿಗೆಯಡಿ ಬಚ್ಚಿಟ್ಟು “ಕಳ್ಳರು ಬಂದಾರ” ಎನ್ನುವಳು, ಉಂಡ ಕೈ ಆರುವ ಮೊದಲೇ “ಊಟಕ್ಕ ಹಾಕೂದಿಲ್ಲೇನು?” ಎಂದು ಜಗಳ ತೆಗೆಯುವಳು.

“ನಮ್ಮ ಮನಿ ಸೀರಿಯಲ್‌ನ್ಯಾಗ ಜಾಹೀರಾತಿಗೂ ಪುರಸತ್ತಿಲ್ಲವಾ” ಎಂದು ಮಾವ ಮುರುಗೆಪ್ಪ ಹೇಳಿದಾಗಲೆಲ್ಲ ಸೊಸೆ ಬಿದ್ದು ಬಿದ್ದು ನಗುತ್ತಿದ್ದಳು.

ಹೋದ ವಾರ ಆ ಧಾರಾವಾಹಿಯ ಮಗಳು ತಾಯಿಯ ಕಾಲು ಹಿಡಿದು ಮೂರು ಸಲ “ಅವ್ವಾ” ಎಂದಳು. ಅಷ್ಟೇ! ಮುದುಕಿಗೆ ಎಲ್ಲ ನೆನಪೂ ಮರಳಿಬಿಟ್ಟಿತು. ಸುಮಲತಾ ಅದನ್ನು ಅಕ್ಷರಶಃ ನಂಬಿಕೊಂಡು ಬಂದಿದ್ದಳು.

“ನೀವು ಪ್ರೀತಿಲೆ ನೋಡಿದ್ರ ಇಷ್ಟೊತ್ತಿಗೆ ನೆನಪು ಬರ್ತಿತ್ತು ವೈನಿ! ಅವ್ವ ನನ್ನ ಗುರುತು ಹಿಡಿಲಿ, ಈಗಿಂದೀಗ ಕರಕೊಂಡ ಹೋಗ್ತೇನಿ.”

ದಾಕ್ಷಾಯಿಣಿಯ ಕಣ್ಣು ತುಂಬಿತು. “ಗುರುತು ಹಿಡದ್ರ ನನಗಿಂತಾ ಖುಷಿ ಪಡೋರು ಯಾರದಾರ ಸುಮಾ... ಕರದ ನೋಡು.”

ಸುಮಲತಾ ತಾಯಿಯ ಪಾದದ ಮೇಲೆ ಬಿದ್ದಳು. “ಅವ್ವಾ! ಅವ್ವಾ! ಅವ್ವಾ!”

ರತ್ನವ್ವ ಬೆಚ್ಚಿದಳು. ಬಗ್ಗಿ ಅವಳನ್ನು ಎಬ್ಬಿಸಿ, ಸೆರಗಿನಿಂದ ಮುಖ ಒರೆಸಿದಳು.

“ಯಾರ ಮಗಳವಾ ನೀ? ತವರಮನಿಯಿಂದ ಬರಿಗೈಲೆ ಕಳಿಸಿದ್ರೇನು? ಅಳಬ್ಯಾಡ...” ಸೊಸೆಯತ್ತ ತಿರುಗಿ, “ಅವ್ವಾ, ಅಕ್ಕಿ, ಕೊಬ್ಬರಿ, ಕುಬಸದ ಕಣ ತಾ. ಈಕಿಗಿ ಉಡಿ ತುಂಬೂಣು” ಎಂದಳು.

ದಾಕ್ಷಾಯಿಣಿಯನ್ನು ಆಕೆ ‘ಅವ್ವಾ’ ಎಂದೇ ಕರೆಯುತ್ತಿದ್ದಳು! ದಾಕ್ಷಾಯಿಣಿ ಎಲ್ಲ ತಂದಿಟ್ಟಳು, ಸುಮಲತಾ ಸೆರಗೊಡ್ಡಿದಳು. ಮಗಳ ಹೆಸರು ಮರೆತ ಆ ಕೈಗಳು ಕುಂಕುಮ ಹಚ್ಚಿದವು, ಎಣಿಸಿ ಐದು ಬೊಗಸೆ ಅಕ್ಕಿ ಹಾಕಿದವು. ಸುಮಲತಾ ತವರು ಬಿಡುವಾಗಲೆಲ್ಲ ಎಷ್ಟು ವರ್ಷ ಅವ್ವ ಹೀಗೇ ಮಡಿಲು ತುಂಬಿ ಕಳಿಸಿದ್ದಳು!

“ಹೊತ್ತ ಮುಳಗೂದ್ರಾಗ ಮನಿ ಸೇರವಾ,” ಎಂದಳು ರತ್ನವ್ವ.

ಕರೆದೊಯ್ಯಲು ಬಂದವಳನ್ನೇ ಕಳಿಸಿಕೊಡುತ್ತಿದ್ದಾಳೆ! ಪಡಸಾಲೆಯಲ್ಲಿ ಕೂತು ನೋಡುತ್ತಿದ್ದ ಮುರುಗೆಪ್ಪ ಮೊದಲು ನಕ್ಕರು. ದಾಕ್ಷಾಯಿಣಿಗೂ ತಡೆಯಲಾಗಲಿಲ್ಲ. ಕೊನೆಗೆ ಸುಮಲತಾ, ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಳುತ್ತಳುತ್ತಲೇ ನಕ್ಕಳು.

“ತಪ್ಪಾತ್ರಿ ವೈನಿ... ನೀವು ತವರಿಗಿ ಹೋಗಿ ಎಷ್ಟ ದಿನ ಆತು?”

“ಎರಡು ವರ್ಷ.”

“ಮುಂದಿನ ಐತಾರ ಹೋಗ್ರಿ. ಅವ್ವನ ಹತ್ರ ನಾ ಇರ್ತೇನಿ.”

ಆಡಿದಂತೆ ಸುಮಲತಾ ಭಾನುವಾರ ಬೆಳಿಗ್ಗೆಯೇ ಬಂದಳು. ದಾಕ್ಷಾಯಿಣಿ ತವರೂರು ನವಲಗುಂದದ ಬಸ್ಸಿಗೆ ಹೊರಟು ನಿಂತಾಗ ರತ್ನವ್ವ ಅವಳ ಸೆರಗು ಹಿಡಿದಳು. “ಅವ್ವಾ, ನಾನೂ ಬರ್ಲಿ?”

ಹೇಗೆ ಬಿಟ್ಟು ಹೋಗುವುದು? ದಾಕ್ಷಾಯಿಣಿ ಚೀಲ ಕೆಳಗಿಟ್ಟೇಬಿಟ್ಟಳು. ಆಗ ಸುಮಲತಾ ತಾಯಿಯ ಕೈ ಹಿಡಿದು ಮೆಲ್ಲಗೆ ಹೇಳಿದಳು, “ನೀನೂ ಹೋದ್ರ ನಾ ಒಬ್ಬಾಕಿನ ಆಗ್ತೇನಿ...”

ರತ್ನವ್ವ ಅವಳತ್ತ ತಿರುಗಿದಳು. ಹಿಡಿದ ಸೆರಗು ಬಿಟ್ಟಳು.

“ನೀ ಹೋಗಿ ಬಾ ಅವ್ವಾ. ಪಾಪ, ಈ ಹುಡುಗಿನ್ನ ನಾ ನೋಡಕೋತೇನಿ.”